ಗೋಡೆಯಾಚೆಯ ಹಾರ್ಡ್ ಬಾಪ್

ನಡುರಾತ್ರಿ ಗೋಡೆಯಾಚೆಯಿಂದ ಸಣ್ಣ ಸದ್ದು: ಟಪ್, ಟಪಟಪ್, ಟಪ್. ಇಲಿಯಿರಲಾರದು, ಇಲಿಗೆಲ್ಲಿಂದ ಬಂತು ತಾಳ? ಇಂದ್ರಾಣಿ ಕಂಬಳಿಯೊಳಗೆ ಉಸಿರು ಬಿಗಿಹಿಡಿದು ಕೇಳಿದಳು.

ಬೆಟ್ಟದ ಮೇಲಿನ ಆ ಪುಟ್ಟ ಹಟ್ಟಿಯ ಮನೆಗಳೆಲ್ಲ ಒಂದೇ ಸಾಲು. ಅಕ್ಕಪಕ್ಕದ ಎರಡು ಮನೆಗೆ ಒಂದೇ ಗೋಡೆ. ಆಚೆ ಮನೆ ಮಾತಿ ಹೆತ್ತೆಯದು. ಹಟ್ಟಿಯಲ್ಲಿ ಅಜ್ಜಿಯನ್ನು ಹೆತ್ತೆ ಎನ್ನುತ್ತಾರೆ. ಅವಳ ಮಗಳ ಮಗ ಸತೀಶ್‌ಕುಮಾರ್ ಬಂದು ತಿಂಗಳಾಗಿತ್ತು. ಊಟಿಯ ಹೋಟೆಲಿನಲ್ಲಿ ಸೀಸನ್ ಮುಗಿಯುವವರೆಗೆ ಸ್ಯಾಕ್ಸೊಫೋನ್ ನುಡಿಸಿದವನು.

ಬೆಳಿಗ್ಗೆ ಟೀ ಫ್ಯಾಕ್ಟರಿ ಆಫೀಸಿಗೆ ಕೆಲಸಕ್ಕೆ ಹೊರಟವಳು ಎಲೆ ಶೆಡ್ಡಿನ ಹತ್ತಿರ ಅವನನ್ನು ತಡೆದಳು.

"ರಾತ್ರಿಯೆಲ್ಲ ಏನದು ಟಪಟಪ?"

ಅವನ ಕಿವಿ ಕೆಂಪಾಯಿತು. "ಕೇಳಿಸ್ತಾ? ಊದಿದ್ರೆ ಹಟ್ಟಿಯೇ ಏಳ್ತದೆ. ಅದಕ್ಕೆ ಊದದೆ ಬರೀ ಬೆರಳಾಡಿಸ್ತೇನೆ. ಕೀಗಳ ಸದ್ದು."

"ಊದದಿದ್ರೇ ನಂಗೆ ನಿದ್ದೆಯಿಲ್ಲ. ಊದಿದ್ರೆ ಏನು ಗತಿಯೋ!"

"ಒಮ್ಮೆ ಊದ್ಲಾ?"

ಅವಳು ನಗುವ ಮೊದಲು ಸುತ್ತ ನೋಡಿದಳು. ಯಾರಾದರೂ ನೋಡುತ್ತಿದ್ದಾರೆಯೇ ಎಂದು ನೋಡುವುದು ಅವಳಿಗೆ ಉಸಿರಾಟದಷ್ಟೇ ರೂಢಿ. ಎಲೆ ಲಾರಿ ಇನ್ನೂ ಬಂದಿರಲಿಲ್ಲ. ಅವನು ವಾಕ್‌ಮನ್ ತೆಗೆದು ಒಂದು ಇಯರ್‌ಫೋನ್ ಅವಳಿಗೆ ಕೊಟ್ಟ. ತಂತಿ ಗಿಡ್ಡ, ಹತ್ತಿರ ನಿಲ್ಲದೆ ವಿಧಿಯಿರಲಿಲ್ಲ.

ಡ್ರಮ್ ಗುದ್ದಿತು. ಪಿಯಾನೊ ತೂಗಿತು. ಸ್ಯಾಕ್ಸೊಫೋನ್ ಜಗಳವಾಡುವವರಂತೆ ಶುರುಮಾಡಿ ಬೇಡಿಕೊಳ್ಳುವವರಂತೆ ಇಳಿಯಿತು.

"ಇದಕ್ಕೆ ಹಾರ್ಡ್ ಬಾಪ್ ಅಂತಾರೆ," ಎಂದ. "ಐವತ್ತರ ದಶಕದಲ್ಲಿ ಅಮೆರಿಕದಲ್ಲಿ ಜಾಜ್ ತುಂಬ ನಾಜೂಕಾಗಿಬಿಟ್ಟಿತ್ತು. ಬೆರಳು ಓಡ್ತದೆ, ಎದೆ ಮಾತ್ರ ತಣ್ಣಗೆ. ಆಗ ನ್ಯೂಯಾರ್ಕ್, ಡೆಟ್ರಾಯ್ಟ್ ಕಡೆ ಕಪ್ಪು ಜನರ ಹುಡುಗರು ಚಿಕ್ಕಂದಿನಲ್ಲಿ ಚರ್ಚಲ್ಲಿ ಕೇಳಿದ್ದನ್ನ, ತಾತಂದಿರು ಹತ್ತಿ ಹೊಲದಲ್ಲಿ ಹಾಡ್ತಿದ್ದ ಬ್ಲೂಸನ್ನ ಜಾಜಿನೊಳಗೆ ತಂದ್ರು. ವೇಗ ಬಿಡಲಿಲ್ಲ, ಬಿಸಿ ಸೇರಿಸಿದ್ರು."

"ಬ್ಲೂಸ್ ಅಂದ್ರೆ ಅಳೋ ಹಾಡಾ?"

"ಅಳು ಗಂಟಲಲ್ಲಿ ಇಟ್ಕೊಂಡೇ ಕುಣಿಯೋದು. ಈಗ ಕೇಳು, ಒಬ್ಬ ಕೂಗ್ತಾನೆ. ಹಾಂ, ಉಳಿದವರು ಓಗೊಟ್ರು. ಪಾದ್ರಿ ಕೂಗಿದ್ದಕ್ಕೆ ಜನ ಓಗೊಟ್ಟ ಹಾಗೆ."

"ಯಾರೂ ಓಗೊಡದಿದ್ರೆ?"

ಅವನು ಅವಳನ್ನೇ ನೋಡಿದ. "ಕೂಗಿದವನು ಪಾಪ, ಅಲ್ಲೇ ನಿಂತಿರ್ತಾನೆ."

ಆ ರಾತ್ರಿ ಕೀಗಳು ಸದ್ದು ಮಾಡಿದಾಗ ಇಂದ್ರಾಣಿ ಉಗುರಿನಿಂದ ಗೋಡೆಗೆ ಎರಡು ಸಲ ತಟ್ಟಿದಳು. ಆಚೆ ಬೆರಳು ತಪ್ಪಿತು. ಅವಳು ದಿಂಬಿಗೆ ಮುಖ ಒತ್ತಿ ನಕ್ಕಳು.

ಶನಿವಾರ ಊಟಕ್ಕೆ ಕುಳಿತಾಗ ಅಪ್ಪ ಧರ್ಮಲಿಂಗಂ ಖುಷಿಯಲ್ಲಿದ್ದರು. "ಮಾತಿ ಹೆತ್ತೆ ಕೊನೆಗೂ ಒಪ್ಪಿದ್ರು. ಸೋಮವಾರ ಹಿರಿಯರ ಮುಂದೆ ಸತೀಶನನ್ನ ಮನೆಗೆ ಮಗನಾಗಿ ತಗೊಳ್ಳೋದು. ತೋಟಕ್ಕೊಬ್ಬ ವಾರಸುದಾರ ಆದ. ನಿಂಗೊಬ್ಬ ಅಣ್ಣ ಆದ, ಕೂಸೇ!"

ಇಂದ್ರಾಣಿ ಎತ್ತಿದ ತುತ್ತನ್ನು ತಟ್ಟೆಗೆ ಇಳಿಸಿದಳು. ಮಗಳ ಮಗ ಬೇರೆ ಹಟ್ಟಿಯವನು. ಅವನಿಗೆ ಈ ಹಟ್ಟಿಯ ಹೆಣ್ಣು ಕೊಡಬಹುದು. ಈ ಮನೆಗೆ ಮಗನಾದ ಕ್ಷಣದಿಂದ ಅವನು ಈ ಹಟ್ಟಿಯ ಗಂಡು, ಹಟ್ಟಿಯ ಎಲ್ಲ ಹೆಣ್ಣುಮಕ್ಕಳಿಗೂ ಒಡಹುಟ್ಟು. ಆಮೇಲೆ ಯಾವ ಹಿರಿಯರೂ ಅದನ್ನು ಬಿಚ್ಚಲಾರರು.

"ಯಾಕೆ, ಸಾರು ಖಾರವಾ?" ಅವ್ವೆ ಕೇಳಿದಳು.

"ಹೂಂ," ಎಂದಳು ಇಂದ್ರಾಣಿ.

ಭಾನುವಾರ ಟೀ ತೋಟದ ಅಂಚಿನಲ್ಲಿ ಅವನು ಸಿಕ್ಕ. ಕೆಳಗೆ ಎಲೆ ಕೀಳುವವರ ಮಾತು ಮಂಜಿನೊಳಗಿಂದ ಕೇಳುತ್ತಿತ್ತು.

"ನಾಳೆಯಿಂದ ಅಣ್ಣ ಅನ್ಬೇಕಂತೆ," ಎಂದಳು. "ಈಗಲೇ ಅಭ್ಯಾಸ ಮಾಡ್ಲಾ?"

"ಮಾಡು, ನೋಡುವಾ."

ಅವಳು ಬಾಯಿ ತೆರೆದಳು. ಅವನು ಅವಳ ತುಟಿಯನ್ನೇ ನೋಡುತ್ತ ಕಾದ. ಪದ ಬರಲೇ ಇಲ್ಲ.

"ಬರ್ತಿಲ್ಲ."

"ಯಾಕೆ?"

"ನಿಂಗೆ ಗೊತ್ತು."

"ಗೊತ್ತು. ಆದ್ರೂ ನಿನ್ನ ಬಾಯಿಂದ ಕೇಳ್ಬೇಕು."

ಇಂದ್ರಾಣಿ ಮಾತನ್ನು ಅಳೆದು ಆಡುವವಳು. ಆರಿಸಿ ಆರಿಸಿ ಕೊನೆಗೆ ಹೇಳಿದಳು: "ಆ ಮನೆಗೆ ಮಗನಾಗಬೇಡ, ಸತೀಶ್. ನನ್ನನ್ನು ಕೇಳೋಕೆ ಬಾ."

ಅವನು ಒಂದು ಟೀ ಎಲೆ ಕಿತ್ತು ಬೆರಳಲ್ಲಿ ತಿರುಗಿಸಿದ. "ಕಾರಣ ಕೇಳ್ತಾರೆ. ನಿನ್ನ ಹೆಸರು ಬಂದ್ರೆ ಹೆತ್ತೆಯ ಮನೆ ಹಾಳು ಮಾಡಿದವಳು ಅಂತಾರೆ. ನಿಮ್ಮಪ್ಪ ಆಮೇಲೆ ನಂಗೆ ಹೆಣ್ಣು ಕೊಡೋದುಂಟಾ?"

"ಮತ್ತೆ?"

"ಬ್ಯಾಂಡಿಗೆ ಸೇರೋಕೆ ಹೋಗ್ತೇನೆ ಅಂತ ಹೇಳ್ತೇನೆ. ಬೈಗುಳ ಸ್ಯಾಕ್ಸೊಫೋನಿಗೆ ಇರಲಿ. ಅದಕ್ಕೆ ರೂಢಿಯಾಗಿದೆ." ನಗಲು ನೋಡಿದ, ನಗು ಪೂರ್ತಿ ಬರಲಿಲ್ಲ. "ಮುಂದಿನ ವರ್ಷ ನನ್ನಪ್ಪನ ಹಟ್ಟಿಯಿಂದ ಹೆಣ್ಣು ಕೇಳೋಕೆ ಬರ್ತಾರೆ. ಅಲ್ಲೀವರೆಗೆ ತಡ್ಕೊಳ್ತೀಯಾ?"

ಅವಳು ಅವನ ಕೈ ಹಿಡಿದಳು. ಸುತ್ತ ನೋಡಲು ಮರೆತೇ ಹೋಯಿತು.

ಸೋಮವಾರ ಹಿರಿಯರು ಕಲ್ಲುಕಟ್ಟೆಯ ಮೇಲೆ ಕುಳಿತಿದ್ದರು. ಮಾತಿ ಹೆತ್ತೆಯ ಮಡಿಲಲ್ಲಿ ಅವನಿಗೆಂದು ತಂದ ಹೊಸ ಬಿಳಿ ವಸ್ತ್ರ. ಸತೀಶ ಎಲ್ಲರಿಗೂ ತಲೆಬಾಗಿ ಹೇಳಿದ:

"ಮನ್ನಿಸಿ. ನಂಗೆ ಈ ಮನೆ ಬೇಡ. ಕೊಚ್ಚಿಯಲ್ಲಿ ಬ್ಯಾಂಡಿಗೆ ಸೇರ್ತೇನೆ."

"ಪೀಪಿ ಊದೋಕೆ ಹೆತ್ತೆಯನ್ನ ಬಿಡ್ತೀಯೇನೋ!" ಧರ್ಮಲಿಂಗಂ ಎದ್ದು ನಿಂತರು. ಒಬ್ಬೊಬ್ಬರೂ ಬೈದರು. ಅವನು ಎದುರಾಡಲಿಲ್ಲ, ಬಾಗಿಲಲ್ಲಿ ನಿಂತಿದ್ದ ಇಂದ್ರಾಣಿಯ ಕಡೆ ತಿರುಗಲೂ ಇಲ್ಲ. ಮಧ್ಯಾಹ್ನದ ಗೂಡಲೂರು ಬಸ್ಸು ಹತ್ತಿ ಬೆಟ್ಟ ಇಳಿದುಹೋದ.

ಸಂಜೆ ಮಾತಿ ಹೆತ್ತೆ ಇಂದ್ರಾಣಿಯವರ ಅಡುಗೆಮನೆಗೆ ಬಂದು ಒಲೆಯ ಮುಂದೆ ಕುಳಿತಳು. ಟೀ ಮುಟ್ಟಲಿಲ್ಲ.

"ಕೂಸೇ, ನೀ ಓದಿದವಳು. ನಿನ್ನ ಹತ್ರ ಏನಾದ್ರೂ ಹೇಳಿದ್ನಾ? ನಾ ಏನು ತಪ್ಪು ಮಾಡ್ದೆ ಅಂತ ಬಿಟ್ಟುಹೋದ?"

ಒಂದೇ ಮಾತು ಸಾಕಿತ್ತು, ಮುದುಕಿಯ ಎದೆಯ ಮುಳ್ಳು ಕೀಳಲು. ಬಾಗಿಲಲ್ಲಿ ಅಪ್ಪ ನಿಂತಿದ್ದರು. ಅವ್ವೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದಳು.

"ನೀವು ಏನೂ ತಪ್ಪು ಮಾಡಿಲ್ಲ, ಹೆತ್ತೆ," ಎಂದಳು ಇಂದ್ರಾಣಿ. "ನಂಗೇನೂ ಹೇಳ್ಲಿಲ್ಲ."

ಮುದುಕಿಯ ತಣ್ಣನೆಯ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಉಜ್ಜತೊಡಗಿದಳು. ಅವ್ವೆಗೂ ಹೇಳುವುದಿಲ್ಲ, ಗೆಳತಿಯರಿಗೂ ಇಲ್ಲ. ಮುಂದಿನ ವರ್ಷ ಅವನ ಕಡೆಯವರು ಬಂದು, ಹಿರಿಯರು ಒಪ್ಪಿ, ಈ ಕೈಯೇ ತನ್ನ ತಲೆ ಮುಟ್ಟಿ ಹರಸಿದರೂ, ಮಗನಾಗಬೇಡ ಎಂದವಳು ತಾನೇ ಎಂಬುದನ್ನು ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿದಳು.