ಪ್ರಾಮಾಣಿಕ ಬೇಸ್‌ಬಾಲಿನ ಪಿತಾಮಹ

ಮೈದಾನಕ್ಕೆ ಬೇಲಿ ಹಾಕಿಸಿದವನು ಎಲಿಹು ಥಾರ್ನ್‌ಡೈಕ್. ಟಿಕೆಟ್ ಇಟ್ಟವನು, ಆಟಗಾರರಿಗೆ ಸಂಬಳ ಗೊತ್ತುಮಾಡಿದವನು, ಪಂದ್ಯ ಮಾರಿಕೊಂಡವನಿಗೆ ಜೀವಮಾನ ಬಹಿಷ್ಕಾರ ಎಂದು ನಿಯಮ ಬರೆದವನೂ ಅವನೇ. ಅಂಥವನಿಗೆ ವೆಲ್ಸ್‌ಬ್ರೂಕ್ ಕ್ಲಬ್ಬಿನ ಸದಸ್ಯರು ಮಾಡಹೊರಟದ್ದೇನು? ಶನಿವಾರದ ಪಂದ್ಯ ಗೆದ್ದರೆ ಅವನ ಕೈಲಿದ್ದ ಅಧ್ಯಕ್ಷಗಿರಿ ಚೆಂಡೆಸೆಯುವ ಗ್ಯಾರಿಟಿಗಂತೆ! ಮೊನ್ನೆ ಮೊನ್ನೆವರೆಗೆ ದೋಣಿಗೆ ಕಲ್ಲಿದ್ದಲು ತುಂಬುತ್ತಿದ್ದ ಐರಿಷ್‌ನವನಿಗೆ! ಥಾರ್ನ್‌ಡೈಕನ ಹೊಟ್ಟೆಗೆ ಬೆಂಕಿ ಬಿತ್ತು.

ಪಂದ್ಯ ಸೋತರೆ ಸಾಕು. ಗ್ಯಾರಿಟಿ ಮಾರಿಕೊಂಡ ಎಂದು ಗುಲ್ಲೆಬ್ಬಿಸಿ ತನ್ನ ನಿಯಮವನ್ನೇ ಅವನ ಕುತ್ತಿಗೆಗೆ ಬಿಗಿಯಬಹುದು. ಸೋಲಿಸಲು ಅಂಪೈರ್ ಬೇಕಿತ್ತು; ಅದಕ್ಕೆ ದರ್ಜಿ ಲೆಮ್ಯುಯೆಲ್ ಪ್ರೌಟ್ ಇದ್ದ. ಚರ್ಚಿನಲ್ಲಿ ಮುಂದಿನ ಸಾಲಿನಲ್ಲಿ ಕೂರುವವನು, ಎರಡೂ ತಂಡಕ್ಕೆ ಒಪ್ಪಿಗೆಯಾದವನು. ತಂಡದ ಸಮವಸ್ತ್ರ ಹೊಲಿಯುವ ಗುತ್ತಿಗೆ ನಿನಗೇ ಎಂದದ್ದೇ ತಡ, ಅವನ ಆತ್ಮಸಾಕ್ಷಿ ತೆಪ್ಪಗಾಯಿತು. ಮಾತು ಮುಗಿದದ್ದು ಕುದುರೆಗಾಡಿಯಲ್ಲಿ, ಇಬ್ಬರ ನಡುವೆ. ಥಾರ್ನ್‌ಡೈಕ್ ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಂಡ.

ಶನಿವಾರ ಗ್ಯಾರಿಟಿಯ ಒಳ್ಳೊಳ್ಳೆಯ ಎಸೆತಗಳನ್ನೆಲ್ಲ ಪ್ರೌಟ್ ಕೆಟ್ಟದ್ದೆಂದು ಸಾರಿದ.

"ಲೋ ದರ್ಜಿ, ಕಣ್ಣನ್ನ ಬಾಡಿಗೆಗೆ ಕೊಟ್ಟು ಬಂದಿದ್ದೀಯೇನೋ?" ಜನ ಕೂಗಿದರು.

ಗ್ಯಾರಿಟಿ ನಕ್ಕ. "ಬಿಡ್ರಪ್ಪಾ, ಸೂಜಿಗೆ ದಾರ ಪೋಣಿಸೀ ಪೋಣಿಸೀ ಸವೆದುಹೋಗಿರ್ಬೇಕು."

ಅಷ್ಟಾದರೂ ಕೊನೆಯ ಸುತ್ತಿನಲ್ಲಿ ವೆಲ್ಸ್‌ಬ್ರೂಕ್ ಒಂದು ರನ್ ಮುಂದಿತ್ತು. ಇನ್ನೊಬ್ಬ ಔಟಾದರೆ ಗೆಲುವು. ಎದುರಾಳಿಯೊಬ್ಬ ರನ್ ಗಳಿಸಲು ಹೋಮ್ ಎಂಬ ಕೊನೆಯ ನೆಲೆಯತ್ತ ಜಾರಿಬಂದ. ಅವನು ನೆಲೆ ಮುಟ್ಟುವ ಮೊದಲೇ ಚೆಂಡು ತಾಗಿಸಿ ಔಟ್ ಮಾಡಲು ಗ್ಯಾರಿಟಿ ಚೆಂಡು ಹಿಡಿದು ಅವನ ಮೇಲೆ ಬಿದ್ದ. ಧೂಳೋ ಧೂಳು! ಆದರೂ ನೆಲೆಗಿಂತ ಒಂದು ಮೊಳ ಹಿಂದೆಯೇ ಅವನು ಸಿಕ್ಕಿಬಿದ್ದದ್ದು ಎಲ್ಲರಿಗೂ ಕಂಡಿತು. ಥಾರ್ನ್‌ಡೈಕ್ ಮುಂದಿನ ಸಾಲಿನಲ್ಲಿ ಆರಾಮಾಗಿ ಒರಗಿ ಕೂತ. ಇನ್ನು ಪ್ರೌಟ್ ಔಟಿಲ್ಲ ಎನ್ನುವುದೊಂದೇ ಬಾಕಿ; ಪಂದ್ಯ ಸಮವಾದರೆ, ಆಮೇಲೆ ಸೋಲಿಸಲು ಅವನಿಗೆ ಇನ್ನೊಂದೆರಡು ಎಸೆತ ಸಾಕು.

ಪ್ರೌಟ್ ಬೇಲಿಯತ್ತ ನೋಡಿದ. ಜನ ಆಗಲೇ ಹಲಗೆ ಕೀಳುತ್ತಿದ್ದರು. ಗುತ್ತಿಗೆ ಬೇಕು ನಿಜ, ಅದಕ್ಕಿಂತ ಮೊದಲು ಜೀವ ಬೇಕು. ಅಂಪೈರಿಗೆ ಕಾಣದಿದ್ದರೆ ಹತ್ತಿರ ಕೂತ ಮರ್ಯಾದಸ್ಥ ಪ್ರೇಕ್ಷಕನನ್ನು ಕೇಳಬಹುದು, ಅವನ ಮಾತೇ ಅಂತಿಮ. ಆ ಕಾಲದ ಆಟದ ಪದ್ಧತಿಯೇ ಹಾಗಿತ್ತು. ಅಂಪೈರನನ್ನು ಕೊಂಡವನು ಅದೊಂದನ್ನು ಮರೆತಿದ್ದ. ಪ್ರೌಟ್ ಟೋಪಿ ತೆಗೆದು, ಇಡೀ ಮೈದಾನಕ್ಕೆ ಕೇಳುವಂತೆ, "ಅಧ್ಯಕ್ಷರೇ, ಧೂಳಲ್ಲಿ ನಂಗೇನೂ ಕಾಣ್ಲಿಲ್ಲ. ನಿಮಗಿಂತ ಪ್ರಾಮಾಣಿಕರು ಇಲ್ಲಿ ಇನ್ಯಾರಿದ್ದಾರೆ? ನೀವೇ ಹೇಳಿ, ಔಟೋ ಅಲ್ಲವೋ?" ಎಂದ. ಥಾರ್ನ್‌ಡೈಕ್ ಎದ್ದು ನಿಂತ, ಎರಡು ಸಲ ಗಂಟಲು ಸರಿಮಾಡಿಕೊಂಡ, ಕಿತ್ತ ಹಲಗೆಗಳನ್ನು ನೋಡಿದ, ತನ್ನ ಕುರ್ಚಿಯನ್ನು ತನ್ನ ಬಾಯಿಂದಲೇ ಗ್ಯಾರಿಟಿಗೆ ಕೊಟ್ಟ: "ಔಟ್."