ಆರು ಎಸಳಿನ ಗೋಡೆ

"ಆರು ಮುಗಿಸ್ಕೊಂಡು ಮನೆಗೆ ಹೋಗಮ್ಮ. ಏಳನೇದರ ತಂಟೆ ಬೇಡ," ಎಂದಳು ಅಂಗಡಿಯ ಮುದುಕಿ ವರ್ನಾ. ಹಾಗೆ ಹೇಳುವಾಗಲೂ ಪುಸ್ತಕದ ಒಂದು ತುದಿಯನ್ನು ಅವಳು ಬಿಟ್ಟಿರಲಿಲ್ಲ. ಇನ್ನೊಂದು ತುದಿ ಲೀತ್‌ಳ ಕೈಯಲ್ಲಿತ್ತು.

ಲಾನ್ಸೆಸ್ಟನ್ ಪೇಟೆಯ ಹಳೆಯ ಸಾಮಾನಿನ ಅಂಗಡಿ. ನುಸಿಗುಳಿಗೆಯ ವಾಸನೆ, ಒದ್ದೆ ಉಣ್ಣೆಯ ವಾಸನೆ, ಯಾರದೋ ಸತ್ತ ಅಜ್ಜಿಯ ಪಿಂಗಾಣಿ ಬಟ್ಟಲುಗಳ ಸಾಲು. ಮೂರು ವಾರದ ಹಿಂದೆ ಅಡಿಲೇಡಿನಿಂದ ಬಂದಿದ್ದ ಲೀತ್‌ಗೆ ಈ ಊರಿನಲ್ಲಿ ಗೊತ್ತಿದ್ದವರು ಇಬ್ಬರೇ: ಗಂಡ ಡೆಸ್ ಮತ್ತು ಮನೆಯ ಮಾಲೀಕ. ಹೊಸ ಶಾಲೆಯಲ್ಲಿ ಗಣಿತ ಪಾಠ ಶುರುವಾಗುವುದಕ್ಕೆ ಇನ್ನೂ ಹತ್ತು ದಿನವಿತ್ತು. ಡೆಸ್‌ನದು ನೀರಿನ ಇಲಾಖೆಯ ಕೆಲಸ. ಕಬ್ಬಿಣದ ಉದ್ದ ಕೋಲನ್ನು ನೆಲಕ್ಕೆ ಊರಿ, ಇನ್ನೊಂದು ತುದಿಗೆ ಕಿವಿ ಹಚ್ಚಿ, ರಸ್ತೆಯಡಿಯ ಪೈಪು ಎಲ್ಲಿ ಸೋರುತ್ತಿದೆಯೆಂದು ಹೇಳುತ್ತಿದ್ದ. ಭಾನುವಾರವೂ ಕರೆ ಬರುತ್ತಿತ್ತು. ಆ ಭಾನುವಾರವೂ ಬಂದಿತ್ತು.

ಪುಸ್ತಕವೆಂದರೆ ಹದಿನಾರು ಪುಟದ, ಪಿನ್ನು ಹೊಡೆದ ಹಾಳೆಗಳು. ಯಾರೋ ಶಾಲಾಮಾಸ್ತರರು ಬಹಳ ಹಿಂದೆ ತಾವೇ ಬರೆದು ಅಚ್ಚು ಹಾಕಿಸಿದ್ದರು. ಏಳು ಸುಳಿವು, ಕೈಯಲ್ಲಿ ಬರೆದ ನಕ್ಷೆ. ಜೊತೆಗೆ ಯಾರೂ ಬೇಕಿಲ್ಲ. ಒಂದು ಸುಳಿವು ಬಿಡಿಸಿದರೆ ಅದೇ ಮುಂದಿನದಕ್ಕೆ ದಾರಿ ತೋರಿಸುತ್ತದೆ. ಒಗಟೆಂದರೆ ಊಟ ಬಿಡುವ ಲೀತ್‌ಗೆ ಇನ್ನೇನು ಬೇಕು?

ಏಳನೆಯದರಲ್ಲಿ ಏನಿದೆ ಎಂದು ಅವಳು ಕೇಳಿದಳು. ವರ್ನಾ ಕೌಂಟರಿನ ಧೂಳನ್ನು ಬೆರಳಿನಿಂದ ಒರೆಸುತ್ತಾ, ತಗ್ಗಿದ ದನಿಯಲ್ಲಿ ಹೇಳಿದ್ದು ಇಷ್ಟು. ಕೈದಿಗಳನ್ನು ಹಡಗಿನಲ್ಲಿ ತಂದು ಇಳಿಸುತ್ತಿದ್ದ ಕಾಲದಲ್ಲಿ ಹೆಸ್ಟರ್ ಎಂಬ ಹೆಂಗಸು ಇಲ್ಲಿ ಒಬ್ಬ ಧಣಿಯ ಮನೆಗೆಲಸಕ್ಕೆ ಬಂದಳು. ಮಾಟಗಾತಿ ಎಂದು ಅವಳ ಮೇಲೆ ಗುಲ್ಲೆದ್ದಿತು. ಧಣಿ ಅವಳನ್ನು ಎರಡು ಗೋಡೆಗಳ ಸಂದಿಯಲ್ಲಿ ನಿಲ್ಲಿಸಿ ಇಟ್ಟಿಗೆ ಕಟ್ಟಿಸಿದ. ಅವಳು ಹೊರಗೆ ಬರದಿರಲೆಂದು ಮೇಸ್ತ್ರಿ ಕೈವಾರದಿಂದ ಗೋಡೆಯ ಮೇಲೆ ಆರು ಎಸಳಿನ ಹೂವು ಕೊರೆದ. ಕೆಟ್ಟದ್ದು ಆ ಗೆರೆಯೊಳಗೆ ಬಿದ್ದರೆ ತುದಿ ಸಿಗದೆ ಸುತ್ತುತ್ತಲೇ ಇರುತ್ತದೆ ಎಂಬ ನಂಬಿಕೆ. ಒಳಗಿನಿಂದ ಹೆಸ್ಟರ್ ಅದೇ ಹೂವನ್ನು ತನ್ನ ಉಗುರಿನಿಂದ ತಿರುವು ಮುರುವಾಗಿ ಕೊರೆದಳು. ಆಮೇಲೆ ಅವಳನ್ನು ಊರಿನವರು ರಸ್ತೆಯಲ್ಲಿ ನೋಡಿದರು. ಧಣಿಯನ್ನು ಯಾರೂ ನೋಡಲಿಲ್ಲ.

"ನಮ್ಮಕ್ಕ ಮೊಯ್ರಾ ಈ ಪುಸ್ತಕ ಹಿಡ್ಕೊಂಡು ಹೋದವಳು. ಎಪ್ಪತ್ತೊಂದನೇ ಇಸವಿ. ಪುಸ್ತಕ ಮಾತ್ರ ಗೋಡೆ ಬುಡದಲ್ಲಿ ಸಿಕ್ತು."

"ಮತ್ತೆ ಇದನ್ನ ಸುಟ್ಟು ಹಾಕೋದಲ್ವಾ?" ಎಂದಳು ಲೀತ್, ನಗು ತಡೆಯುತ್ತಾ. "ಕಪಾಟಿನಲ್ಲಿ ಎದ್ದು ಕಾಣೋ ಹಾಗೆ ಇಟ್ಟಿದೀರಿ."

ವರ್ನಾಳ ಬೆರಳು ಸಡಿಲವಾಯಿತು. ದುಡ್ಡನ್ನೂ ತೆಗೆದುಕೊಳ್ಳಲಿಲ್ಲ.

ಹೊರಗೆ ಟೇಮರ್ ನದಿಯಿಂದ ಎದ್ದ ಮಂಜು ಬೀದಿಯ ಮಟ್ಟದಲ್ಲೇ ನಿಂತಿತ್ತು. ಜೂನ್ ತಿಂಗಳ ಮಧ್ಯಾಹ್ನ; ಜೂನ್ ಎಂದರೆ ಇಲ್ಲಿ ಚಳಿಗಾಲ. ಲೀತ್ ಡೆಸ್‌ಗೆ ಫೋನ್ ಮಾಡಿ, ಮಾಟಗಾತಿಯ ಗೋಡೆ ಹುಡುಕಲು ಹೊರಟಿದ್ದೇನೆ, ಸಂಜೆ ನಾನು ಬರದಿದ್ದರೆ ಕುರಿಮಾಂಸದ ಪಲ್ಯ ನೀನೊಬ್ಬನೇ ತಿಂದುಬಿಡು ಎಂದು ತಮಾಷೆ ಮಾಡಿದಳು. ಗುಂಡಿಯೊಳಗಿದ್ದ ಡೆಸ್ ಏನೋ ಹೇಳಿ ನಕ್ಕ. ಪಂಪಿನ ಸದ್ದಿನಲ್ಲಿ ಅದು ಕೇಳಿಸಲಿಲ್ಲ.

ಮೊದಲ ಸುಳಿವು ಉದ್ಯಾನದ ಕಬ್ಬಿಣದ ಕಾರಂಜಿಯಲ್ಲಿತ್ತು. ಎರಡನೆಯದು ಅಂಚೆ ಕಚೇರಿಯ ಗಡಿಯಾರದ ಕೆಳಗೆ. ಮೂರನೆಯದಕ್ಕೆ ಬಿಯರ್ ಕಾರ್ಖಾನೆಯ ಚಿಮಣಿಯ ಪಟ್ಟೆಗಳನ್ನು ಎಣಿಸಬೇಕಿತ್ತು; ಸುಟ್ಟ ಬಾರ್ಲಿಯ ಸಿಹಿ ವಾಸನೆ ಅಲ್ಲಿ ಬೀದಿಗೆಲ್ಲ ಅಂಟಿಕೊಂಡಿತ್ತು. ಕುದುರೆಗಳಿಗೆ ನೀರು ಕುಡಿಸುತ್ತಿದ್ದ ಕಲ್ಲಿನ ತೊಟ್ಟಿಯಲ್ಲಿ ನಾಲ್ಕನೆಯದು. ಒಗಟುಗಳು ಚೆನ್ನಾಗಿದ್ದವು. ಬರೆದ ಮಾಸ್ತರರಿಗೆ ತಲೆಯಿತ್ತು ಎಂದು ಲೀತ್ ಮೆಚ್ಚಿಕೊಂಡಳು. ಪ್ರತಿ ಜಾಗವನ್ನೂ ಪೆನ್ಸಿಲಿನಿಂದ ಗುರುತಿಸಿ ಗೆರೆ ಎಳೆದಾಗ ನಕ್ಷೆಯ ಮೇಲೆ ಬಾಗಿದ ಎಸಳುಗಳು ಒಂದೊಂದಾಗಿ ಮೂಡುತ್ತಿದ್ದವು.

ಐದನೆಯ ಸುಳಿವು ಒಂದು ಹಳೆಯ ಚರ್ಚಿನ ಬಾಗಿಲು. ಅದರ ಮೊಳೆಗಳನ್ನು ಎಣಿಸುತ್ತಿದ್ದಾಗ ಅವಳಿಗೆ ಏನೋ ಕಡಿಮೆಯಾದಂತೆ ಅನ್ನಿಸಿತು. ಸದ್ದು. ಬಸ್ಸುಗಳ ಸದ್ದು ನಿಂತಿತ್ತು. ಹಕ್ಕಿಗಳೂ ಇಲ್ಲ. ಕೂಸಿನ ಗಾಡಿ ತಳ್ಳಿಕೊಂಡು ಒಬ್ಬ ಗಂಡಸು ಎದುರಿನಿಂದ ಬಂದು ಮಂಜಿನಲ್ಲಿ ಕರಗಿದ. ಸ್ವಲ್ಪ ಹೊತ್ತಿಗೆ ಅವನೇ ಮತ್ತೆ ಎದುರಿನಿಂದ ಬಂದ. ಮೂರನೆಯ ಸಲ ಬಂದಾಗ ಲೀತ್ ಗಾಡಿಯೊಳಗೆ ನೋಡಿದಳು. ಅದು ಖಾಲಿಯಿತ್ತು.

ಸಾಕು, ಕಾರಿನ ಹತ್ತಿರ ಹೋಗೋಣ ಎಂದು ತಿರುಗಿದಳು. ಎಡಕ್ಕೆ ಹೊರಳಿದರೆ ಕಾರು ನಿಲ್ಲಿಸಿದ್ದ ಬೀದಿ. ಹೊರಳಿದಳು. ಎದುರಿಗೆ ಉಣ್ಣೆಯ ಗೋದಾಮು, ಮೇಲೆ ಮೂಟೆ ಎತ್ತುವ ರಾಟೆ. ಆರನೆಯ ಸುಳಿವು. ಹಿಂದಕ್ಕೆ ಬಂದು ಬಲಕ್ಕೆ ಹೋದಳು. ಮತ್ತೆ ಅದೇ ಗೋದಾಮು, ಅದೇ ರಾಟೆ. ಫೋನು ತೆಗೆದು ನೋಡಿದರೆ ನಾಲ್ಕೂ ಹತ್ತು. ಡೆಸ್‌ನ ನಂಬರು ಒತ್ತಿದಳು. ಆ ಕಡೆ ಗಂಟೆ ಹೊಡೆಯಲಿಲ್ಲ. ಯಾರೋ ಉಸಿರಾಡುವುದು ಕೇಳಿಸಿತು. ಅವಳು ಫೋನನ್ನು ಜೇಬಿಗೆ ತುರುಕಿದಳು. ಈ ಆಟ ಮುಗಿಸಿಬಿಟ್ಟರೆ ದಾರಿ ಬಿಡುತ್ತದೆ ಎಂದು ಅವಳಿಗೆ ಯಾಕೆ ಅನ್ನಿಸಿತೋ. ಬಲೆಯೊಳಗಿನ ಮೀನಿಗೂ ಮುಂದಕ್ಕೆ ಹೋಗುವುದೇ ಸರಿ ಎಂದು ಅನ್ನಿಸುತ್ತದೆ.

ರಾಟೆಯ ಕಡ್ಡಿಗಳನ್ನು ಎಣಿಸಿದಳು. ಅಷ್ಟೇ ಹೆಜ್ಜೆ ನಡೆದಳು. ಎರಡು ಕೆಂಪು ಕಟ್ಟಡಗಳ ನಡುವೆ ಕುರುಡು ಓಣಿ. ಕೊನೆಯಲ್ಲಿ ಗೋಡೆ. ಹಸಿ ಸುಣ್ಣ, ಕೊಳೆತ ಚರ್ಮ, ಆರಿದ ಕೊಬ್ಬಿನ ದೀಪ, ಎಲ್ಲ ಸೇರಿದ ನಾತ. ಎದೆಯ ಎತ್ತರದಲ್ಲಿ ಆ ಹೂವು. ಆರು ಎಸಳು. ಅದರ ಕೆಳಗೆ, ಗಾರೆಯ ಸಂದಿಯಲ್ಲಿ ಒಂದು ತುಕ್ಕು ಹಿಡಿದ ಮೊಳೆ.

ಪುಸ್ತಕದ ಕೊನೆಯ ಪುಟದಲ್ಲಿ ಒಂದೇ ಸಾಲಿತ್ತು: ಹೂವಿನ ನಡುವೆ ಯಾರಿಲ್ಲವೋ ಅವರ ಹೆಸರು ಬರೆಯಿರಿ.

ನಡುವೆ ಯಾರೂ ಇರಲಿಲ್ಲ. ನಾನಿಲ್ಲ, ಅಷ್ಟೇ ತಾನೇ, ಎಂದುಕೊಂಡಳು ಲೀತ್. ಒಗಟು ಬಿಡಿಸಿದ ಹೆಮ್ಮೆ ಆ ಭಯದಲ್ಲೂ ಒಂದು ಗಳಿಗೆ ಮಿಂಚಿತು. ಮೊಳೆ ಎತ್ತಿಕೊಂಡು ಹೆಸರು ಗೀಚಿದಳು.

ಕೊನೆಯ ಅಕ್ಷರ ಮುಗಿಯುವ ಮೊದಲೇ ಇಟ್ಟಿಗೆ ಮೆತ್ತಗಾಯಿತು. ಮಣಿಕಟ್ಟು ಒಳಗೆ ಹೋಯಿತು. ಮೊಣಕೈ ಹೋಯಿತು. ಕೂಗಿದಳು. ಬಾಯಿಗೆ ಸುಣ್ಣ ತುಂಬಿತು. ಕತ್ತಲಲ್ಲಿ ಒಂದು ತಣ್ಣನೆಯ ಮೈ ಅವಳ ಮೈಯನ್ನು ಒತ್ತಿಕೊಂಡು, ತಿಕ್ಕಿಕೊಂಡು, ಆಚೆಗೆ ನುಸುಳಿತು. ಕಿವಿಯ ಹತ್ತಿರ ಹುಡುಗಿಯೊಬ್ಬಳ ಬಿಸಿಯಿಲ್ಲದ ಉಸಿರು.

"ನನ್ನನ್ನ ಬೈಕೋಬೇಡ. ಇನ್ನೊಂದು ಹೆಸರು ಬರೋವರೆಗೆ ಕಾಯಿ."

ಇಟ್ಟಿಗೆ ಮತ್ತೆ ಗಟ್ಟಿಯಾಯಿತು.

ಎಷ್ಟೋ ಹೊತ್ತಿನ ನಂತರ ಮಬ್ಬು ಬೆಳಕಿಗೆ ಕಣ್ಣು ಹೊಂದಿಕೊಂಡಿತು. ಹಿಂದೆ ಗೋಡೆ, ಮುಂದೆ ಗೋಡೆ. ಭುಜ ಅಡ್ಡ ಮಾಡಿದರೆ ಮಾತ್ರ ಸರಿಯಬಹುದಾದ ಸಂದಿ. ಮೇಲೆ ತುಂಬಾ ಎತ್ತರದಲ್ಲಿ ಬೂದು ಬಣ್ಣದ ಒಂದು ಗೆರೆಯಷ್ಟು ಆಕಾಶ. ಅವಳು ಅಡ್ಡಡ್ಡ ಸರಿಯುತ್ತಾ ಹೋದಳು. ಸಂದಿ ಬಾಗಿತು, ಬಾಗಿ ಬಾಗಿ ಹಿಂದಕ್ಕೆ ಬಂತು. ಹೊರಟ ಜಾಗ. ಮತ್ತೆ ಹೊರಟಳು. ಮತ್ತೆ ಅದೇ ಜಾಗ. ಎಸಳಿನ ಗೆರೆಯ ಮೇಲೆ ತಾನು ಸುತ್ತುತ್ತಿದ್ದೇನೆ ಎಂದು ತಿಳಿದಾಗ ಅವಳು ಕೂರಲು ನೋಡಿದಳು. ಆದರೆ ಕೂರಲೂ ಅಲ್ಲಿ ಜಾಗವಿರಲಿಲ್ಲ. ಗೋಡೆಗಳೇ ಅವಳನ್ನು ನಿಲ್ಲಿಸಿ ಹಿಡಿದಿದ್ದವು.

ಹೂವಿನ ಬೆನ್ನಿಗೆ, ಒಳಗಡೆಯ ಇಟ್ಟಿಗೆಯಲ್ಲಿ ಹೆಸರುಗಳಿದ್ದವು. ಮೇಲಿನದು ಧಣಿಯದಿರಬೇಕು, ಹಳೆಯ ಕಾಲದ ಬರಹ. ಕೆಳಗೆ ಹನ್ನೊಂದು ಹೆಸರು. ಒಂದೊಂದಕ್ಕೂ ಅಡ್ಡಗೀಟು. ಅವುಗಳಲ್ಲಿ ಕೊನೆಯಿಂದ ಮೂರನೆಯದು, ಪುಸ್ತಕದ ಮೇಲಿದ್ದ ಮಾಸ್ತರರ ಮನೆತನದ ಹೆಸರು. ಮೊದಲ ಹೆಸರು ಬೇರೆ, ಬಹುಶಃ ಮಗನದು. ಮಗನನ್ನು ಬಿಡಿಸಿಕೊಳ್ಳಲೆಂದೇ ತಂದೆ ಇಷ್ಟು ಚೆಂದದ ಒಗಟುಗಳನ್ನು ಹೆಣೆದಿದ್ದ. ಆಟವಲ್ಲ ಅದು, ಗಾಳ. ಅದರ ಕೆಳಗೆ ಇನ್ನೊಬ್ಬರ ಹೆಸರು, ಆಮೇಲೆ ಮೊಯ್ರಾ. ಅದಕ್ಕೂ ಈಗ ತಾನೆ ಎಳೆದ ಗೀಟು. ಎಲ್ಲಕ್ಕಿಂತ ಕೆಳಗೆ, ಗೀಟಿಲ್ಲದೆ, ಲೀತ್.

ಅಲ್ಲಿ ಹಸಿವಾಗಲಿಲ್ಲ, ನಿದ್ದೆ ಬರಲಿಲ್ಲ, ಬೆಳಕು ಹೆಚ್ಚಲಿಲ್ಲ, ಇಳಿಯಲಿಲ್ಲ. ಫೋನಿನಲ್ಲಿ ಯಾವಾಗ ನೋಡಿದರೂ ನಾಲ್ಕೂ ಹತ್ತು. ಗೋಡೆಯಾಚೆ ಊರು ಕೇಳಿಸುತ್ತಿತ್ತು. ಕಾಫಿ ಅಂಗಡಿಯ ಬಟ್ಟಲುಗಳ ಸದ್ದು, ಶಾಲೆ ಬಿಟ್ಟ ಮಕ್ಕಳ ಗಲಾಟೆ, ಮಳೆ, ಅಂಚೆ ಕಚೇರಿಯ ಗಂಟೆ. ಅವಳು ಕೂಗಿ ಕೂಗಿ ದನಿ ಹೋಯಿತು. ಮೊಳೆಯಿಂದ ಬಡಿದಳು. ಬಡಿಯುವುದು, ಸುತ್ತುವುದು, ಬಡಿಯುವುದು. ಕಾಲ್ಬೆರಳಿಗೆ ಒಮ್ಮೊಮ್ಮೆ ಮೆತ್ತಗಿನ ಏನೋ ತಾಗುತ್ತಿತ್ತು. ಬಗ್ಗಿ ನೋಡಲು ಆಗುತ್ತಿರಲಿಲ್ಲ. ಅದಕ್ಕಾಗಿ ಅವಳು ಸಮಾಧಾನಪಟ್ಟುಕೊಳ್ಳುತ್ತಿದ್ದಳು.

ಒಂದು ನಿರ್ಧಾರ ಮಾತ್ರ ಮಾಡಿದ್ದಳು. ಯಾರಾದರೂ ಬಂದು ಹೂವಿನ ಮುಂದೆ ನಿಂತರೆ, ಬರೆಯಬೇಡ, ಓಡಿಹೋಗು ಎಂದು ಹೇಳುತ್ತೇನೆ. ನಾನು ಮೊಯ್ರಾ ಆಗುವುದಿಲ್ಲ. ಆ ಮಾತನ್ನು ಜಪದ ಹಾಗೆ ಹೇಳಿಕೊಂಡು ಸುತ್ತುತ್ತಿದ್ದಳು.

ಬಂದವನು ಡೆಸ್.

ಕಬ್ಬಿಣದ ಕೋಲು ಇಟ್ಟಿಗೆಗೆ ತಾಗಿದ ಟಿಣ್ಣೆಂಬ ಸದ್ದನ್ನು ಅವಳು ಗುರುತಿಸಿದಳು. ಇನ್ನೊಂದು ತುದಿಯಲ್ಲಿ ಅವನ ಕಿವಿಯಿದೆ. ಅವಳು ಮೊಳೆಯಿಂದ ಹುಚ್ಚಿಯಂತೆ ಬಡಿದಳು.

"ಲೀತ್?" ಎಂದಿತು ದನಿ. "ಲೀತ್, ನೀನೇನಾ?"

"ನಾನೇ. ಡೆಸ್, ನಾನೇ ಕಣೋ."

ಅವನು ಅಳುವುದು ಕೇಳಿಸಿತು. ಆಮೇಲೆ ತುಂಡು ತುಂಡಾಗಿ ಎಲ್ಲ ಹೇಳಿದ. ಈಗ ಅಕ್ಟೋಬರ್ ತಿಂಗಳು. ಪೊಲೀಸರು ನದಿಯ ತಳವನ್ನೆಲ್ಲ ಜಾಲಾಡಿ ಕೈಚೆಲ್ಲಿದ್ದರು. ಅವನು ಮಾತ್ರ ಕೆಲಸ ಮುಗಿದ ಮೇಲೆ ದಿನಾ ಒಂದೊಂದು ಬೀದಿಯ ಗೋಡೆಗೆ ಕೋಲಿಟ್ಟು ಕೇಳುತ್ತಾ ಬಂದಿದ್ದ. ಕೊನೆಗೆ ವರ್ನಾಳ ಅಂಗಡಿಗೂ ಹೋದ. ಪುಸ್ತಕ ಮತ್ತೆ ಅವಳ ಕಪಾಟಿಗೇ ಬಂದು ಸೇರಿತ್ತು. ಮೊದಲು ಅದನ್ನು ಕೊಡುವುದಿಲ್ಲ ಎಂದಳಂತೆ, ಆಮೇಲೆ ತಾನೇ ಕರೆದು ಕೊಟ್ಟಳಂತೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕಂಬಳಿ ಹೊದ್ದ ಒಂದು ಹುಡುಗಿ ಕೂತಿದ್ದಳು. ವರ್ನಾಗೆ ಮೊಮ್ಮಗಳಾಗುವಷ್ಟು ಚಿಕ್ಕವಳು. ಅವನತ್ತ ಅವಳು ಮುಖ ಎತ್ತಲಿಲ್ಲ.

"ಆ ಮುದುಕಿ ಒಂದೇ ಮಾತು ಹೇಳಿದ್ಲು, ಲೀತ್. ಹೆಸರು ಬರೀಬೇಡ ಅಂತ. ಈ ಪುಸ್ತಕದಲ್ಲಿ ನೋಡಿದ್ರೆ ಬರೀರಿ ಅಂತಿದೆ. ಬರೆದ್ರೆ ಬಾಗಿಲು ತೆಗೆಯುತ್ತಾ? ನನಗೆ ಇಂಥದ್ದೆಲ್ಲ ತಿಳಿಯಲ್ಲ. ನೀನು ಹೇಳು. ನೀನು ಹೇಳಿದ ಹಾಗೆ ಮಾಡ್ತೀನಿ."

ಲೀತ್ ಬಾಯಿ ತೆರೆದಳು. ಬೇಡ ಎಂಬ ಮಾತು ನಾಲಗೆಯ ತುದಿಯಲ್ಲೇ ಇತ್ತು. ಎಷ್ಟು ಸಾವಿರ ಸಲ ಹೇಳಿಕೊಂಡಿದ್ದಳು ಅದನ್ನು. ಕೆನ್ನೆಗೆ ಇಟ್ಟಿಗೆ ಒತ್ತಿತ್ತು. ಬೆನ್ನಿಗೆ ಇಟ್ಟಿಗೆ ಒತ್ತಿತ್ತು. ಆಚೆ ಕಡೆ ಎಲ್ಲೋ ಯಾರೋ ಬೆಣ್ಣೆ ಸವರಿ ರೊಟ್ಟಿ ಸುಡುತ್ತಿದ್ದರು. ಗಾರೆಯ ಒಂದು ಸೀಳಿನಿಂದ ಆ ವಾಸನೆ ಬಂತು. ವಸಂತದ ಬಿಸಿಲಿನ ವಾಸನೆ ಬಂತು. ಡೆಸ್‌ನ ಅಂಗಿಯ ವಾಸನೆ ಬಂತು. ಬೇಡ ಅನ್ನು. ಅನ್ನು. ಮುಂದಿನವರು ಯಾವಾಗ ಬರುತ್ತಾರೋ. ಮೂವತ್ತು ವರ್ಷ. ಐವತ್ತು. ಮತ್ತೊಂದು ಸುತ್ತು. ಮತ್ತೊಂದು. ಕಾಲಿಗೆ ಮೆತ್ತಗಿನದು ತಾಗಿತು.

"ಬರಿ," ಎಂದಳು.

ಅವನ ಕೀಲಿ ಗೊಂಚಲು ಝಣಗುಟ್ಟಿತು, ಆಮೇಲೆ ಕೀಲಿಕೈಯಿಂದ ಗೀಚುವ ಸದ್ದು. ನಿಧಾನ. ಅವನ ಬರಹವೇ ಹಾಗೆ, ಒಂದೊಂದು ಅಕ್ಷರವನ್ನೂ ಕೂರಿಸಿ ಬರೆಯುವವನು. ನಿಲ್ಲಿಸಲು ಇನ್ನೂ ಹೊತ್ತಿತ್ತು. ಅವಳು ಹಲ್ಲು ಕಚ್ಚಿದಳು. ಇಟ್ಟಿಗೆ ಮೆತ್ತಗಾಯಿತು. ಅಗಲವಾದ, ಬೆಚ್ಚಗಿನ ಮೈ ಎದುರಿನಿಂದ ಬಂದು ಅವಳಿಗೆ ಒತ್ತಿತು. ಅವನು ಅವಳನ್ನು ತಬ್ಬಿಕೊಳ್ಳಲು ತೋಳು ಚಾಚಿದ. ಅವಳು ಆ ತೋಳಿನಡಿಯಿಂದ ನುಸುಳಿದಳು.

ಬೆಳಕು ಕಣ್ಣಿಗೆ ಚುಚ್ಚಿತು. ಓಣಿಯ ಕಲ್ಲಿನ ಮೇಲೆ ಅವಳು ಕೈಕಾಲು ಊರಿ ಬಿದ್ದಿದ್ದಳು. ಬಿಸಿಲಿತ್ತು. ಕಬ್ಬಿಣದ ಕೋಲು ಗೋಡೆಗೆ ಒರಗಿತ್ತು. ಬೀದಿಯಲ್ಲಿ ಬಸ್ಸೊಂದು ಹೋಯಿತು. ಅವಳು ಗಾಳಿಯನ್ನು ನೀರು ಕುಡಿದಂತೆ ಕುಡಿದಳು.

ತುಂಬ ಹೊತ್ತಾದ ಮೇಲೆ ಕೋಲಿನ ತುದಿಗೆ ಕಿವಿ ಹಚ್ಚಿದಳು. ಒಳಗೆ ಬಟ್ಟೆ ಇಟ್ಟಿಗೆಗೆ ತಿಕ್ಕುವ ಸದ್ದು. ಅವನು ಒಂದು ಸುತ್ತು ಹೋಗಿ ಬರುತ್ತಿದ್ದ. ಹೆಸರುಗಳ ಮುಂದೆ ಬಂದು ನಿಂತ. ಓದುತ್ತಿರಬೇಕು. ಬೈಗುಳಕ್ಕೆ ಕಾದಳು. ಅವನು ಬೈದರೆ ತಡೆದುಕೊಳ್ಳಬಹುದಿತ್ತು.

"ಲೀತ್," ಎಂದ ಅವನು, ಗೋಡೆಯ ತೀರಾ ಹತ್ತಿರದಿಂದ. "ಹೊರಗೆ ಬಂದ್ಯಾ?"

"ಹೂಂ."

"ನಿನಗೆ ಗೊತ್ತಿತ್ತಾ, ಹೀಗಾಗತ್ತೆ ಅಂತ?"

ಅವಳು ಉತ್ತರ ಕೊಡಲಿಲ್ಲ. ಅವನು ಕಾದ. ಎಷ್ಟು ಸಣ್ಣ ಸೋರಿಕೆಯಿದ್ದರೂ ಕೇಳಿಸಿಕೊಳ್ಳುವ ಕಿವಿ ಅವನದು. ಅವಳ ಮೌನವನ್ನೂ ಅವನು ಪೂರ್ತಿ ಕೇಳಿಸಿಕೊಂಡ.

"ಆಯ್ತು ಬಿಡು," ಎಂದ ಕೊನೆಗೆ. "ಬಿಸಿಲು ಹೋದ್ರೆ ಚಳಿಯಾಗತ್ತೆ. ನೀನು ಮನೆಗೆ ಹೋಗು."

ಲೀತ್ ಕೋಲನ್ನು ಗೋಡೆಗೆ ಒರಗಿಸಿ ಎದ್ದು ನಿಂತಳು. ಹಿಂತಿರುಗಿ ನೋಡದೆ ಓಣಿ ದಾಟಿ ಬೀದಿಗೆ ಬಂದಳು. ದಾರಿ ಎಲ್ಲಿಯೂ ತಪ್ಪಲಿಲ್ಲ.