ಸಿಪಾಯಿಯ ಹನ್ನೊಂದನೇ ಹಾಳೆ

"ಹನ್ನೆರಡು ದಿನದ ಹಿಂದೇನೇ ಕವರ್ ಈ ಮನೆಗೆ ಬಂದಿದೆ. ಎಲ್ಲಿಟ್ಟಿದ್ದೀ?"

ಅಂಚೆ ಕಚೇರಿಯಿಂದ ತಂದ ಚೀಟಿಯನ್ನು ಗಂಡ ಮುಖಕ್ಕೆ ಹಿಡಿದಾಗ ಸೊಸೆಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಸೊಸೆಯೆಂದರೆ ಹೊಸಬಳೇನಲ್ಲ, ಈ ಮನೆಗೆ ಬಂದು ಮೂವತ್ತೈದು ವರ್ಷವಾಗಿ ತಲೆ ಅರ್ಧ ನರೆತಿದೆ. ಅತ್ತೆ ಇರುವ ತನಕ ಸೊಸೆ ಸೊಸೆಯೇ. ಅವಳು ಕಾಣದ ಆ ಕವರ್ ಸೇನೆಯ ದಾಖಲೆ ಕಚೇರಿಯದು. ಗಂಡನಿಗೆ ತಿಂಗಳುಗಟ್ಟಲೆ ಅದೇ ಧ್ಯಾನ. ಅವನು ಹಸುಗೂಸಾಗಿದ್ದಾಗಲೇ ಅವನಪ್ಪ ಯುದ್ಧದಲ್ಲಿ ಸತ್ತಿದ್ದ. ಅಪ್ಪನೆಂದರೆ ಅವನ ಪಾಲಿಗೆ ಗೋಡೆಯ ಮೇಲಿನ ಎದೆಮಟ್ಟದ ಫೋಟೋ, ಅಷ್ಟೇ. ಬೀದಿಯವರು ಅವನನ್ನು 'ಸಿಪಾಯಿ ಮಗ' ಎನ್ನುತ್ತಾರೆ. ಹಾಗೆಂದಾಗಲೆಲ್ಲ ಆ ಆರಡಿ ಆಳು ಇನ್ನೆರಡಂಗುಲ ಬೆಳೆಯುತ್ತಾನೆ. ತನ್ನ ಗಡಿಯಾರ ರಿಪೇರಿ ಅಂಗಡಿಯ ಬಾಗಿಲಿಗೇ ತಲೆ ತಗ್ಗಿಸಿ ಹೋಗಬೇಕಾದವನು. ಅರವತ್ತೆರಡಾದ ಮೇಲೆ ಈಗ, ಅಪ್ಪ ಯಾವ ಪಡೆಯಲ್ಲಿದ್ದ, ಎಲ್ಲಿ ಕಾದಾಡಿದ, ಎಲ್ಲಿ ಬಿದ್ದ... ಎಲ್ಲ ತಿಳಿಯಲೇಬೇಕೆಂಬ ಹಂಬಲ ಅವನಿಗೆ.

"ನಂಗೆ ಗೊತ್ತಿಲ್ಲ ರೀ," ಎಂದಳು.

ಮೂಲೆಯ ಕುರ್ಚಿಯಿಂದ ಅತ್ತೆಯ ದನಿ ಬಂತು. "ನನ್ನೇನು ನೋಡ್ತೀಯಪ್ಪಾ? ಬಾಗಿಲು ತೆಗೆಯೋದು ಅವಳು."

ಅಲ್ಲಿಗೆ ಮುಗಿಯಿತು. ಈ ಮನೆಯಲ್ಲಿ ಒಂದು ಚಮಚ ಕಾಣೆಯಾದರೂ ಗೂಬೆ ಕೂರುವುದು ಸೊಸೆಯ ತಲೆಯ ಮೇಲೆಯೇ. ನಕ್ಕರೆ ಯಾಕೆ ನಕ್ಕೆ, ಸುಮ್ಮನಿದ್ದರೆ ಏನು ಮುಚ್ಚಿಡುತ್ತಿದ್ದೀ... ಮೂವತ್ತೈದು ವರ್ಷ ಇದೇ ಪಾಡು. ಅತ್ತೆಯ ಅನುಮಾನ ಅವಳಿಗೆ ಅಭ್ಯಾಸವಾಗಿತ್ತು. ಆದರೆ ಅಂದು ಗಂಡನೂ ತಟ್ಟೆ ಸರಿಸಿ ಎದ್ದುಹೋದ. ಅವನ ಕಣ್ಣಲ್ಲೂ ಅದೇ ಅನುಮಾನ.

ಆದರೂ ಒಂದು ಮಾತು ಅವಳ ಮನಸ್ಸಿಗೆ ಮುಳ್ಳಿನಂತೆ ಚುಚ್ಚಿತು. ಬೈಯಲು ಕೂತರೆ ಗಂಟೆಗೆ ಕಮ್ಮಿ ಏಳದ ಅತ್ತೆ, ಇವತ್ತು ಒಂದೇ ಮಾತಿಗೆ ಬಾಯಿಗೆ ಬೀಗ ಹಾಕಿಕೊಂಡರೇಕೆ? ಮರುದಿನ ಅಂಚೆಯವನನ್ನು ಬೀದಿಯಲ್ಲೇ ತಡೆದು ಕೇಳಿದಳು. ಅಜ್ಜಿಯೇ ಸಹಿ ಹಾಕಿ ತಗೊಂಡರಲ್ಲ, ಎಂದ ಅವನು.

ಗಂಡ ಅಂಗಡಿಗೆ ಹೋಗಿ, ಅತ್ತೆ ಸ್ನಾನಕ್ಕೆ ಹೊಕ್ಕಿದ್ದೇ ತಡ, ಸೊಸೆ ಅವರ ಟ್ರಂಕಿಗೆ ಕೈ ಹಾಕಿದಳು. ಕಂಬಳಿಯ ಕೆಳಗೆ, ಒಡೆಯದೆಯೇ ಇತ್ತು ಕವರ್. ಸಿಕ್ಕಿಬಿದ್ದಿರಿ ಅತ್ತೆ, ಎಂದುಕೊಂಡು ಹರಿದೇಬಿಟ್ಟಳು. ಹದಿನಾಲ್ಕು ಹಾಳೆಗಳ ನಕಲು, ಒಂದೊಂದಕ್ಕೂ ಸಂಖ್ಯೆ. ಹತ್ತನೆಯದು ರಜೆಯ ಪಟ್ಟಿ. ಒಂದು ರಜೆಗೂ ಮುಂದಿನ ರಜೆಗೂ ನಡುವೆ ಇಪ್ಪತ್ತೇಳು ತಿಂಗಳು, ಸಿಪಾಯಿ ಕಡಲಾಚೆ. ಗಂಡ ಹುಟ್ಟಿದ ದಿನ ಹೆಂಡತಿಗೆ ಗೊತ್ತಿಲ್ಲವೇ? ಬೆರಳು ಮಡಿಸಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಅಪ್ಪ ಮನೆ ಬಿಟ್ಟ ಇಪ್ಪತ್ತನೇ ತಿಂಗಳಿಗೆ ಮಗ ಹುಟ್ಟಿದ್ದ.

"ಓದಿದ್ಯಾ?"

ಒದ್ದೆ ಕೂದಲಲ್ಲಿ ಅತ್ತೆ ಬಾಗಿಲಲ್ಲಿ ನಿಂತಿದ್ದರು. ಮೂವತ್ತೈದು ವರ್ಷದ ಉರಿಯೆಲ್ಲ ಸೊಸೆಯ ನಾಲಗೆಯ ತುದಿಗೆ ಬಂತು. ಒಂದು ಮಾತು ಸಾಕಿತ್ತು, ಒಂದೇ ಒಂದು ಮಾತು... ಆದರೆ ಆ ಮಾತು ಮೊದಲು ಸುಡುವುದು ಗಂಡನನ್ನು. ಸಿಪಾಯಿ ಮಗ ಎಂಬ ಹೆಸರೊಂದನ್ನು ನೆಚ್ಚಿಕೊಂಡು ಬದುಕಿದ ಜೀವ ಅದು.

ಅತ್ತೆ ನೆಲಕ್ಕೆ ಕುಸಿದು ಕೂತರು. ಹೇಗಾಯಿತೆಂದು ಅವರು ಹೇಳಲಿಲ್ಲ, ಇವಳು ಕೇಳಲೂ ಇಲ್ಲ.

"ಮಗುಗೆ ಏಳು ತಿಂಗಳಾಗಿದ್ದಾಗ ನಿನ್ನ ಮಾವ ಹದಿನಾಲ್ಕು ದಿನ ರಜೆಗೆ ಬಂದ್ರು. ಎತ್ತಿ ಆಡಿಸಿದ್ರು. ನನ್ನ ಒಂದು ಮಾತೂ ಕೇಳ್ಲಿಲ್ಲ. ವಾಪಸ್ ಹೋದ ಎರಡು ತಿಂಗಳಿಗೆ ಸತ್ರು ಅಂತ ತಂತಿ ಬಂತು. ಲೆಕ್ಕ ತಿಳೀಲಿಲ್ವೋ... ತಿಳಿದೇ ಸಾಯೋಕೆ ಹೋದ್ರೋ... ಅರವತ್ತೆರಡು ವರ್ಷ ಇದೇ ಯೋಚನೆ ಕಣೇ. ಯಾರು ನಕ್ರೂ, ಯಾರು ಪಿಸುಗುಟ್ಟಿದ್ರೂ, ನಂದೇ ಮಾತು ಅನ್ಸೋದು."

ಹಾಗಾದರೆ ಈ ಮೂವತ್ತೈದು ವರ್ಷದ್ದು ಸೊಸೆಯ ಮೇಲಿನ ಅನುಮಾನವೇ ಅಲ್ಲ, ಅತ್ತೆಯ ಭಯ! ಅವಳು ಹಾಳೆ ತಿರುವಿದಳು. ಹನ್ನೊಂದನೆಯದು ಕುಟುಂಬದ ವಿವರದ ನಮೂನೆ, ಆ ರಜೆ ಮುಗಿಸಿ ಹೋದ ವಾರವೇ ಸಿಪಾಯಿ ತುಂಬಿದ್ದು. ಮಗನ ಹೆಸರು, ಹುಟ್ಟಿದ ದಿನ, ಒಂದೂ ತಪ್ಪಿಲ್ಲ. ಅಂಚಿನಲ್ಲಿ ಗುಮಾಸ್ತನ ಓರೆ ಅಕ್ಷರ. ಅದರ ಕೆಳಗೆ ಸಿಪಾಯಿಯ ಗುಂಡು ಅಕ್ಷರ. ಸೊಸೆ ಅತ್ತೆಯ ಪಕ್ಕಕ್ಕೆ ಕೂತಳು.

"ಅತ್ತೆ, ಕೇಳಿ. ಗುಮಾಸ್ತ ಬರೆದಿದಾನೆ: 'ಮಗುವಿನ ಜನ್ಮದಿನ ರಜೆಯ ಪಟ್ಟಿಗೆ ಹೊಂದುವುದಿಲ್ಲ. ವಿವರಣೆ ಕೊಡಿ.' ಮಾವನವರು ಬರೆದಿದಾರೆ: 'ವಿವರಣೆ ಏನೂ ಇಲ್ಲ. ಮಗ ನನ್ನವನು. ಬರೆದುಕೊಳ್ಳಿ.' ಕೆಳಗೆ ಸಹಿ ಇದೆ."

ಅತ್ತೆ ಇನ್ನೊಮ್ಮೆ ಓದು ಎಂದರು. ಮತ್ತೂ ಒಮ್ಮೆ ಓದಿಸಿದರು. ಆಮೇಲೆ ಆ ಹಾಳೆಯನ್ನು ಎದೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಹತ್ತನೆಯದನ್ನು ಸೊಸೆ ಒಲೆಗೆ ಹಾಕಿದಳು. ಹನ್ನೊಂದನೆಯದು ಅತ್ತೆಯ ದಿಂಬಿನ ಚೀಲ ಸೇರಿತು.

ಸಂಜೆ ಸೊಸೆ ಕೊಟ್ಟ ಹಾಳೆಗಳನ್ನು ಗಂಡ ಮೇಜಿನ ಮೇಲೆ ಹರಡಿದ. ಗಡಿಯಾರ ಬಿಚ್ಚಿದರೆ ಒಂದು ಸ್ಕ್ರೂ ಕಳೆಯದ ಕೈ ಅದು, ಎಣಿಸದೆ ಬಿಟ್ಟೀತೇ?

"ಹತ್ತು, ಹನ್ನೊಂದು ಎಲ್ಲಿ?"

"ಕವರ್ ಎತ್ತಿಟ್ಟು ಮರೆತವಳು ನಾನೇ. ಇವತ್ತು ಒಲೆ ಹತ್ರ ಇಟ್ಟೆ, ಎರಡು ಹಾಳೆ ಸುಟ್ಟುಹೋಯ್ತು ರೀ."

ಅವನು ಅವಳನ್ನು ನೋಡಿದ ನೋಟ... ಆ ನೋಟ ಇನ್ನು ಆಯಸ್ಸಿಡೀ ತನ್ನ ಬೆನ್ನಿಗಿರುತ್ತದೆಂದು ಅವಳಿಗೆ ಗೊತ್ತಾಯಿತು.

"ಅವಳನ್ನ ಏನೂ ಅನ್ಬೇಡ," ಎಂದರು ಅತ್ತೆ. "ಕವರ್ ಮುಚ್ಚಿಟ್ಟವಳು ನಾನು."

ಗಂಡ ಇಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡಿದ. ಹೆಂಡತಿಯ ಪರವಾಗಿ ಅಮ್ಮ ಬಾಯಿಬಿಟ್ಟದ್ದನ್ನು ಅವನು ಮದುವೆಯಾದಾಗಿನಿಂದ ಕೇಳಿರಲಿಲ್ಲ. ಯಾರನ್ನು ನಂಬಬೇಕೋ ತೋಚದೆ ಮೊದಲ ಹಾಳೆಗೇ ಕಣ್ಣು ನೆಟ್ಟ. ಅಲ್ಲಿ ಅವನ ಬೆರಳು ತಟ್ಟನೆ ನಿಂತಿತು.

"ಐದಡಿ ಮೂರಂಗುಲ... ಅಪ್ಪ ಇಷ್ಟು ಕುಳ್ಳಗಿದ್ರಾ, ಅಮ್ಮಾ?"

ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆ ಗೋಡೆಯ ಫೋಟೋದತ್ತ ನೋಡಿದರು. ಆ ದನಿಯಲ್ಲಿ ನಡುಕವಿರಲಿಲ್ಲ.

"ನಿನ್ನ ಎತ್ಕೊಳ್ಳೋವಷ್ಟು ಎತ್ತರ ಇದ್ರು ಕಣಪ್ಪಾ."